ರಸ್ತೆ ಅಗಲವಾಯಿತು, ದಾಟುವುದು ಹೇಗೆ?

ಪರಿಸರದ ಪತ್ರಿಕೆಗೆ ರಸ್ತೆ ಅಪಘಾತದ ಉಸಾಬರಿ ಏಕೆ ಎಂದು ಓದುಗರಲ್ಲಿ ಕೆಲವರಾದರೂ ಕೇಳಬಹುದು. ಕಾಡು, ಹೊಳೆ, ಗುಡ್ಡ ಕುಸಿತಗಳ ವಿಷಯವನ್ನು ಬದಿಗಿರಿಸಿ ಈ ಸಲ ಹುಬ್ಬಳ್ಳಿ-ಧಾರವಾಡದ ಡಾಂಬರು ರಸ್ತೆಯನ್ನು ಎತ್ತಿಕೊಳ್ಳಲು ಕಾರಣವಿದೆ. ಯಲ್ಲಾಪುರ, ಮುಂಡಗೋಡ, ಹಳಿಯಾಳ, ಕಲಘಟಗಿ ಕಡೆಯ ಹಳ್ಳಿಗಳಿಂದ ಗಾಯಾಳುವನ್ನೋ ರೋಗಿಯನ್ನೋ ಹೊತ್ತು ಹೊರಟ ವಾಹನ ಕೊನೆಗೆ ಬಂದು ನಿಲ್ಲುವುದು ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ, ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆಯ ಎದುರಿಗೆ. ನಮ್ಮ ಮಕ್ಕಳು ಹೆಚ್ಚಿನ ಓದಿಗೆಂದು ಹೋಗುವುದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ, ಕೃಷಿ ವಿಶ್ವವಿದ್ಯಾಲಯಕ್ಕೆ. ಇವೆಲ್ಲವನ್ನೂ ಪೋಣಿಸಿರುವುದು ಒಂದೇ ರಸ್ತೆ: ಹಳೆಯ ಪೂನಾ-ಬೆಂಗಳೂರು ರಸ್ತೆ. ಅದರ ನಡುವೆ ಉಣಕಲ್ ಇದೆ.

ಉಣಕಲ್ ಹುಬ್ಬಳ್ಳಿಯ ಬಡಾವಣೆಯಾಗುವುದಕ್ಕೆ ಬಹಳ ಮುಂಚಿನಿಂದಲೂ ಒಂದು ಊರು. ಅಲ್ಲಿ ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ದೇವಾಲಯವಿದೆ, ಸಿದ್ದಪ್ಪಜ್ಜನ ಗುಡಿಯಿದೆ, ಶತಮಾನ ದಾಟಿದ ಕೆರೆಯಿದೆ. ಊರಿನವರಿಗೆ ಹೊಲ, ಕೆರೆ, ಗುಡಿ, ಶಾಲೆ ಎಲ್ಲವೂ ಕಾಲ್ನಡಿಗೆಯ ದೂರದಲ್ಲಿದ್ದವು. ಈಗಲೂ ಅಷ್ಟೇ ದೂರದಲ್ಲಿವೆ. ಆದರೆ ನಡುವಿನ ರಸ್ತೆ ಮಾತ್ರ ಮೊದಲಿನಂತಿಲ್ಲ. ತ್ವರಿತ ಬಸ್ ಸಾರಿಗೆ ಯೋಜನೆಗಾಗಿ ಅವಳಿ ನಗರಗಳ ನಡುವಿನ ಸುಮಾರು 22 ಕಿಲೋಮೀಟರ್ ರಸ್ತೆಯನ್ನು ಸುಮಾರು 35 ಮೀಟರಿಗೆ, ನಿಲ್ದಾಣಗಳಿರುವಲ್ಲಿ ಅದಕ್ಕಿಂತಲೂ ಹೆಚ್ಚಿಗೆ ಅಗಲಗೊಳಿಸಲಾಯಿತು. ನಡುವೆ ಬೇಲಿ ಹಾಕಿದ ಬಸ್ ಪಥ, ಎರಡು ಪಕ್ಕಗಳಲ್ಲಿ ಉಳಿದೆಲ್ಲ ವಾಹನಗಳ ಪಥ. ಇದಕ್ಕಾಗಿ ದಾರಿಯುದ್ದಕ್ಕೂ ನೂರಾರು ಮರಗಳು ಉರುಳಿದವು. ‘ಚಿಗರಿ’ ಬಸ್ಸುಗಳು 2018ರ ಅಕ್ಟೋಬರ್‌ನಲ್ಲಿ ಓಡಲಾರಂಭಿಸಿದವು. 2020ರ ಫೆಬ್ರವರಿಯಲ್ಲಿ ಯೋಜನೆಗೆ ವಿಧ್ಯುಕ್ತ ಉದ್ಘಾಟನೆಯೂ ಆಯಿತು.

ಬಸ್ಸಿಗೆ ಪ್ರತ್ಯೇಕ ಪಥ ಕೊಟ್ಟದ್ದನ್ನು ನಾವು ಆಕ್ಷೇಪಿಸುವುದಿಲ್ಲ. ಒಂದು ಬಸ್ಸಿನಲ್ಲಿ ಐವತ್ತು ಜನ ಹೋದರೆ ಐವತ್ತು ಬೈಕುಗಳು ರಸ್ತೆಗಿಳಿಯುವುದು ತಪ್ಪುತ್ತದೆ. ಆ ಪಥವನ್ನು ಕಾರುಗಳಿಗೂ ಬಿಟ್ಟುಕೊಡಬೇಕೆಂಬ ಕೂಗು ಆಗಾಗ ಕೇಳಿಬರುತ್ತದೆ. ಅದು ಇದ್ದ ಒಂದು ಒಳ್ಳೆಯದನ್ನೂ ಕೆಡಿಸುವ ಮಾತು. ನಮ್ಮ ಪ್ರಶ್ನೆ ಬೇರೆ. ಬಸ್ ನಿಲ್ದಾಣ ರಸ್ತೆಯ ನಟ್ಟನಡುವೆ ಇರುವಾಗ ಹತ್ತುವವನೂ ಇಳಿಯುವವನೂ ಪ್ರತಿಸಲ ಅರ್ಧ ರಸ್ತೆ ದಾಟಲೇಬೇಕು. ಎದುರು ಬದಿಗೆ ಹೋಗಬೇಕಾದವರು ಪೂರ್ತಿ ದಾಟಬೇಕು. ಸಾಮಾನ್ಯ ಆರೋಗ್ಯವಂತನ ನಡಿಗೆಯನ್ನು ಸೆಕೆಂಡಿಗೆ 1.2 ಮೀಟರ್ ಎಂದು ಲೆಕ್ಕ ಹಿಡಿಯುವುದು ವಾಡಿಕೆ. ಆ ಲೆಕ್ಕದಲ್ಲಿ 35 ಮೀಟರ್ ದಾಟಲು 29 ಸೆಕೆಂಡು ಬೇಕು. ಮೊಣಕಾಲು ನೋವಿರುವ ಅಜ್ಜಿಯೊಬ್ಬಳು ಇದರ ಮುಕ್ಕಾಲು ವೇಗದಲ್ಲಿ ನಡೆದರೆ ಅವಳಿಗೆ ಸುಮಾರು 39 ಸೆಕೆಂಡು ಬೇಕು. ಅಷ್ಟು ಹೊತ್ತು ವಾಹನಗಳು ನಿಲ್ಲುತ್ತವೆಯೆ? ಅಗಲವಾದ, ನೇರವಾದ, ನುಣುಪಾದ ರಸ್ತೆ ಚಾಲಕನಿಗೆ ಹೇಳುವುದು ಒಂದೇ ಮಾತು: ಓಡಿಸು. ಅಂಚಿನಲ್ಲಿ ನೆಟ್ಟ ‘ಅವಸರವೇ ಅಪಘಾತಕ್ಕೆ ಕಾರಣ’ ಎಂಬ ಫಲಕ ಹೇಳುವುದು ಇನ್ನೊಂದು. ಚಾಲಕ ಯಾವುದನ್ನು ಕೇಳುತ್ತಾನೆಂಬುದನ್ನು ವಿವರಿಸಬೇಕಿಲ್ಲ.

ವೇಗದ ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು. ಗಂಟೆಗೆ 40 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ 11 ಮೀಟರ್ ಕ್ರಮಿಸುತ್ತದೆ. ಎದುರಿಗೆ ಮಗುವೊಂದು ಬಂದದ್ದನ್ನು ಕಂಡು ಬ್ರೇಕಿನ ಮೇಲೆ ಕಾಲಿಡಲು ಒಂದೂವರೆ ಸೆಕೆಂಡು ಹಿಡಿಯಿತೆನ್ನಿ. ಬ್ರೇಕು ಹಿಡಿದ ಮೇಲೆ ಇನ್ನೂ ಹತ್ತು ಮೀಟರ್. ಒಟ್ಟು ಸುಮಾರು 27 ಮೀಟರಿನಲ್ಲಿ ಕಾರು ನಿಲ್ಲುತ್ತದೆ. ಅದೇ ಕಾರು 80ರ ವೇಗದಲ್ಲಿದ್ದರೆ ನಿಲ್ಲಲು ಬೇಕಾಗುವುದು ಸುಮಾರು 74 ಮೀಟರ್. ವೇಗ ಇಮ್ಮಡಿಯಾದರೆ ಡಿಕ್ಕಿಯ ಶಕ್ತಿ ನಾಲ್ಕು ಪಟ್ಟಾಗುತ್ತದೆ ಎಂಬುದು ಪ್ರೌಢಶಾಲೆಯ ಭೌತಶಾಸ್ತ್ರ. ಸರಾಸರಿ ವೇಗ ನೂರಕ್ಕೆ ಒಂದರಷ್ಟು ಏರಿದರೆ ಸಾವಿನ ಅಪಘಾತದ ಸಂಭವ ನೂರಕ್ಕೆ ನಾಲ್ಕರಷ್ಟು ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತ ಬಂದಿದೆ. ಪಾದಚಾರಿಗಳು, ಸೈಕಲ್ ಸವಾರರು ವಾಹನಗಳೊಡನೆ ಬೆರೆಯುವ ಕಡೆ ವೇಗದ ಮಿತಿ ಗಂಟೆಗೆ 30 ಕಿಲೋಮೀಟರ್ ಇರಬೇಕೆಂದು 2020ರ ಸ್ಟಾಕ್‌ಹೋಮ್ ಘೋಷಣೆ ಸಾರಿತು. ನಮ್ಮಲ್ಲಿ? ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ ನಗರದ ಮಿತಿಯೊಳಗೇ ಕಾರುಗಳಿಗೆ 70, ದ್ವಿಚಕ್ರ ವಾಹನಗಳಿಗೆ 60 ಗರಿಷ್ಠ ಮಿತಿ. ಇದನ್ನು ಇಳಿಸುವ ಅಧಿಕಾರ ರಾಜ್ಯಗಳಿಗಿದೆ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಬಳಿ ಅದನ್ನು ಇಳಿಸುವುದಕ್ಕೂ ಪಾಲಿಸುವಂತೆ ನೋಡಿಕೊಳ್ಳುವುದಕ್ಕೂ ಬೇಕಾಗುವ ಖರ್ಚು ಒಂದು ಮೇಲ್ಸೇತುವೆಯ ಕಂಬಕ್ಕೂ ಸಾಲದು. ಬಹುಶಃ ಆ ಕಾರಣಕ್ಕೇ ಅದರಲ್ಲಿ ಯಾರಿಗೂ ಆಸಕ್ತಿಯಿಲ್ಲ.

ಮೇಲ್ಸೇತುವೆಯ ಮಾತು ಬಂದುದರಿಂದ ಹೇಳಬೇಕು. ಸಂಚಾರ ಸುಗಮಗೊಳಿಸಲೆಂದು ಹುಬ್ಬಳ್ಳಿಯ ಚೆನ್ನಮ್ಮ ವೃತ್ತದ ಸುತ್ತ ಕೈಗೊಂಡ ಮೇಲ್ಸೇತುವೆ ಕಾಮಗಾರಿಯಲ್ಲಿ, 2024ರ ಸೆಪ್ಟೆಂಬರ್‌ನಲ್ಲಿ ಹಳೆಯ ಕೋರ್ಟ್ ವೃತ್ತದ ಬಳಿ ಕಬ್ಬಿಣದ ಸರಳು ಮೇಲಿನಿಂದ ಬಿದ್ದು ಕೆಳಗೆ ಸಾಗುತ್ತಿದ್ದ ಪೊಲೀಸ್ ಅಧಿಕಾರಿಯೊಬ್ಬರು ಗಾಯಗೊಂಡು, ಕೆಲವೇ ದಿನಗಳಲ್ಲಿ ತೀರಿಕೊಂಡರು. ರಸ್ತೆಯನ್ನು ಬಳಸುವವರ ಜೀವ, ರಸ್ತೆಯನ್ನು ಕಟ್ಟುವವರ ಲೆಕ್ಕದಲ್ಲಿ ಎಲ್ಲಿ ನಿಂತಿದೆ ಎಂಬುದಕ್ಕೆ ಇದೊಂದು ನಿದರ್ಶನ.

ಇನ್ನು ಬೈಪಾಸಿನ ವಿಚಾರ. ಪುಣೆ-ಬೆಂಗಳೂರು ಹೆದ್ದಾರಿ ಉಳಿದೆಡೆ ನಾಲ್ಕು, ಆರು ಪಥಗಳಾಗಿ ಬೆಳೆದರೂ ಗಬ್ಬೂರಿನಿಂದ ನರೇಂದ್ರದವರೆಗಿನ ಸುಮಾರು 30 ಕಿಲೋಮೀಟರ್ ಬೈಪಾಸು ವಿಭಜಕವೇ ಇಲ್ಲದ ಎರಡು ಪಥಗಳ ರಸ್ತೆಯಾಗಿ ವರ್ಷಗಟ್ಟಲೆ ಉಳಿಯಿತು. ಸುಂಕದ ವಸೂಲಿ ಮಾತ್ರ ನಡೆದೇ ಇತ್ತು. ಅಗಲ ರಸ್ತೆಯ ವೇಗಕ್ಕೆ ಒಗ್ಗಿಕೊಂಡ ಲಾರಿ, ಬಸ್ಸುಗಳು ಒಮ್ಮೆಲೇ ಇಕ್ಕಟ್ಟಿಗೆ ನುಗ್ಗಿ, ಎದುರಿನ ಪಥಕ್ಕೆ ಹಾಯ್ದು ಮುಂದಿನ ವಾಹನವನ್ನು ಹಿಂದಿಕ್ಕಲು ಹವಣಿಸುವುದು ಅಲ್ಲಿ ದಿನನಿತ್ಯದ ದೃಶ್ಯವಾಗಿತ್ತು. 2021ರ ಜನವರಿ 15ರಂದು, ಸಂಕ್ರಾಂತಿಯ ಮರುದಿನ, ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ಬಳಗದ ವಾಹನ ಇಟ್ಟಿಗಟ್ಟಿ ಬಳಿ ಟಿಪ್ಪರಿಗೆ ಮುಖಾಮುಖಿಯಾಗಿ ಕನಿಷ್ಠ 11 ಮಂದಿ ಮೃತಪಟ್ಟರು. ಅವರಲ್ಲಿ ಬಹುತೇಕರು ಮಹಿಳೆಯರು. 2022ರ ಮೇ 24ರ ನಡುರಾತ್ರಿ ತಾರಿಹಾಳದ ಬಳಿ ಇದೇ ಬೈಪಾಸಿನಲ್ಲಿ ಖಾಸಗಿ ಬಸ್ಸು ಮತ್ತು ಲಾರಿ ಡಿಕ್ಕಿಯಾಗಿ ಮತ್ತೆ ಕನಿಷ್ಠ ಏಳು ಜನ ಸತ್ತರು. ದಾವಣಗೆರೆಯ ಕುಟುಂಬಗಳು ದುಃಖವನ್ನು ನುಂಗಿಕೊಂಡು ಅಪಘಾತದ ಸ್ಥಳಕ್ಕೇ ಬಂದು ಪ್ರತಿಭಟಿಸಿದ ಬಳಿಕವೇ ರಸ್ತೆಯನ್ನು ಆರು ಪಥಕ್ಕೇರಿಸುವ ಕೆಲಸಕ್ಕೆ ಚಾಲನೆ ದೊರಕಿದ್ದು.

ರಸ್ತೆ ಅಗಲೀಕರಣವನ್ನು ಪದೇ ಪದೇ ಪ್ರಶ್ನಿಸುವ ನಮ್ಮಂಥವರು ಇಲ್ಲಿ ಸ್ಪಷ್ಟವಾಗಿ ನುಡಿಯಬೇಕು. ಬೈಪಾಸಿಗೆ ವಿಭಜಕ ಬೇಕಿತ್ತು, ಹೆಚ್ಚಿನ ಪಥ ಬೇಕಿತ್ತು. ದೂರದ ಭಾರಿ ವಾಹನಗಳು ಊರ ಹೊರಗೇ, ಎದುರು ಬದಿಯವುಗಳಿಂದ ಬೇರ್ಪಟ್ಟು ಸಾಗುವುದು ಸರಿಯಾದ ಕ್ರಮ. ಆದರೆ ಬೈಪಾಸಿಗೆ ಹಿಡಿದ ಅಳತೆಗೋಲನ್ನು ಉಣಕಲ್ಲಿಗೂ, ನಾಳೆ ಘಟ್ಟದ ದಾರಿಗಳಿಗೂ ಹಿಡಿಯುವುದು ಸರಿಯಲ್ಲ. ಒಂದು ಕಡೆ ವಾಹನ ಮಾತ್ರ ಇದೆ. ಇನ್ನೊಂದು ಕಡೆ ಮನುಷ್ಯರು ಬದುಕುತ್ತಿದ್ದಾರೆ.

ಮರದ ಮೇಲಿನ ಆರೋಪವನ್ನೂ ಇಲ್ಲಿಯೇ ಪರಿಶೀಲಿಸೋಣ. 2022ರ ಮೇ 21ರ ನಸುಕಿನಲ್ಲಿ ಧಾರವಾಡ ತಾಲ್ಲೂಕಿನ ಬಾಡ ಗ್ರಾಮದ ಬಳಿ, ಮದುವೆ ಕಾರ್ಯ ಮುಗಿಸಿ ಊರಿಗೆ ಮರಳುತ್ತಿದ್ದವರ ವಾಹನ ರಸ್ತೆ ಬದಿಯ ಮರಕ್ಕೆ ಅಪ್ಪಳಿಸಿ ಏಳಕ್ಕೂ ಹೆಚ್ಚು ಜನ ಅಸುನೀಗಿದರು. ಮೃತರಲ್ಲಿ ಮಕ್ಕಳೂ ಇದ್ದರು. ಇಂಥ ಸುದ್ದಿ ಬಂದಾಗಲೆಲ್ಲ ರಸ್ತೆ ಬದಿಯ ಮರಗಳನ್ನು ತೆಗೆಸಿಬಿಡಿ ಎಂಬ ಮಾತು ಹೊರಡುತ್ತದೆ. ಮರ ಅಲ್ಲಿಗೆ ನಡೆದುಕೊಂಡು ಬಂದದ್ದಲ್ಲ. ತಿರುವಿನ ಹೊರಬದಿಯಲ್ಲಿ ಮರವಿದ್ದರೆ ಅಪಾಯ ಇರುವುದು ನಿಜ. ಅಲ್ಲಿ ತಡೆಬೇಲಿ, ಕಾಂಡಕ್ಕೆ ರಾತ್ರಿ ಹೊಳೆಯುವ ಪಟ್ಟಿ, ವೇಗ ಇಳಿಸುವ ಉಬ್ಬು ಇವೆಲ್ಲ ಸಾಧ್ಯ. ಆದರೆ ನಿಜವಾಗಿ ಕೇಳಬೇಕಾದ ಪ್ರಶ್ನೆ, ಇಪ್ಪತ್ತರಷ್ಟು ಜನ ಒಂದೇ ವಾಹನದಲ್ಲಿ ತುಂಬಿಕೊಂಡು ಅಪರಾತ್ರಿಯಲ್ಲಿ ಏಕೆ ಹೊರಟರು ಎಂಬುದು. ಹಳ್ಳಿಗೆ ಆ ಹೊತ್ತಿನಲ್ಲಿ ಬೇರೆ ಏನಿತ್ತು?

ಇದೇ ಪ್ರಶ್ನೆ ನಮ್ಮ ಘಟ್ಟದಲ್ಲೂ ಎದುರಾಗಿದೆ. 2025ರ ಜನವರಿ 22ರ ಬೆಳಗಿನ ಜಾವ ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು ತರಕಾರಿ ಹೇರಿಕೊಂಡು ಹೊರಟ ಲಾರಿ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರ ಬಳಿ ಕಂದಕಕ್ಕೆ ಉರುಳಿ ಹತ್ತು ಮಂದಿ ವ್ಯಾಪಾರಿಗಳು ಪ್ರಾಣ ಕಳೆದುಕೊಂಡರು. ಅವರು ಸರಕಿನ ಜೊತೆಯಲ್ಲೇ ಕುಳಿತು ಬರುತ್ತಿದ್ದರು. ಸರಕು ವಾಹನದಲ್ಲಿ ಜನ ಕೂರಬಾರದೆಂಬುದು ಕಾನೂನು; ಸಂತೆಯ ಹೊತ್ತಿಗೆ ಸರಕಿನೊಡನೆ ತಲುಪಲು ಬಡ ವ್ಯಾಪಾರಿಗೆ ಏನು ವ್ಯವಸ್ಥೆ ಇದೆ ಎಂಬುದರ ಬಗ್ಗೆ ಕಾನೂನು ಮೌನವಾಗಿದೆ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲೇ ಇದೆ. ಹಳ್ಳಿಯ ರಾತ್ರಿ ಬಸ್ಸು, ಸಂತೆಯ ಬಸ್ಸು ಇವುಗಳನ್ನು ನಷ್ಟದ ಮಾರ್ಗವೆಂದು ಬರೆಯುವ ಮೊದಲು ಅವು ಉಳಿಸಬಹುದಾದ ಜೀವಗಳನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಆ ಕಚೇರಿಗೆ ನಾವು ಒತ್ತಾಯಿಸಬೇಕು.

ರಾಜ್ಯದ ಒಟ್ಟು ಚಿತ್ರ ಆಶಾದಾಯಕವಾಗಿಲ್ಲ. ಕರ್ನಾಟಕದಲ್ಲಿ ರಸ್ತೆಯ ಮೇಲೆ ಸತ್ತವರು 2021ರಲ್ಲಿ 10,038, 2022ರಲ್ಲಿ 11,702, 2023ರಲ್ಲಿ 12,321. ದಿನಕ್ಕೆ 33ಕ್ಕೂ ಹೆಚ್ಚು. ದೇಶದಲ್ಲಿ 2022ರಲ್ಲಿ ಸತ್ತ 1,68,491 ಜನರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದ ಮೇಲಿದ್ದವರು, 32,825 ಮಂದಿ ಬರಿಗಾಲಲ್ಲೋ ಚಪ್ಪಲಿ ಮೆಟ್ಟಿಯೋ ನಡೆಯುತ್ತಿದ್ದವರು. ಹೆಲ್ಮೆಟ್ ಧರಿಸದೆ ಸತ್ತವರೇ 50,029. ಹಿಂಬದಿ ಸವಾರನಿಗೂ ಹೆಲ್ಮೆಟ್ ಕಡ್ಡಾಯವೆಂದು ನಮ್ಮ ರಾಜ್ಯ 2016ರಲ್ಲೇ ವಿಧಿಸಿದೆ. ಅದನ್ನು ದಂಡದ ರಸೀದಿ ಕಂಡಾಗ ಮಾತ್ರ ನೆನೆಯುವ ಯುವಕರು ಈ ಅಂಕಿಯನ್ನು ಇನ್ನೊಮ್ಮೆ ಓದಲಿ. ನಮ್ಮ ಕಾಲೇಜು ವಿದ್ಯಾರ್ಥಿಗಳನ್ನು ಉದ್ದೇಶಿಸಿಯೇ ಇದನ್ನು ಬರೆಯುತ್ತಿದ್ದೇವೆ.

ಆದರೂ ಎಲ್ಲ ತಪ್ಪನ್ನೂ ಸವಾರನ ತಲೆಗೆ ಕಟ್ಟುವುದು ಆಡಳಿತಕ್ಕೆ ಬಹಳ ಅನುಕೂಲದ ಸಂಗತಿ. ಅಪಘಾತದ ದೂರಿನಲ್ಲಿ ‘ಅತಿವೇಗ ಹಾಗೂ ನಿರ್ಲಕ್ಷ್ಯದ ಚಾಲನೆ’ ಎಂಬ ಸಾಲು ಬಂದ ಮೇಲೆ ಪ್ರಕರಣ ಬಗೆಹರಿದಂತೆಯೇ. ಆ ರಸ್ತೆಯನ್ನು ಹಾಗೆ ರೂಪಿಸಿದವರ ಹೆಸರು ದೂರಿನಲ್ಲಿ ಇರುವುದಿಲ್ಲ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ 198ಎ ಎಂಬ ಕಲಮು ಸೇರಿದೆ: ನಿಗದಿತ ಸುರಕ್ಷತಾ ಮಾನದಂಡ ಪಾಲಿಸದೆ ರಸ್ತೆ ಕಟ್ಟಿ, ಅದರಿಂದ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ಗುತ್ತಿಗೆದಾರ, ಸಲಹೆಗಾರ, ಇಲಾಖೆ ಯಾರೇ ಆಗಲಿ ಒಂದು ಲಕ್ಷ ರೂಪಾಯಿವರೆಗೆ ದಂಡ ತೆರಬೇಕು. ಜೀವಕ್ಕೆ ಕಟ್ಟಿದ ಈ ಬೆಲೆ ಅವಮಾನಕರವೇ ಸರಿ. ಆದರೂ ಹೊಣೆ ಯಾರದೆಂದು ಕಾನೂನು ಒಪ್ಪಿಕೊಂಡಿದೆ. ಐವತ್ತಕ್ಕಿಂತ ಹೆಚ್ಚು ಮರ ಕಡಿಯಬೇಕಾದರೆ ರಾಜ್ಯದ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು. ಆ ವಿಚಾರಣೆಗಳಿಗೆ ಹೋಗುವ ನಮ್ಮ ಕಾರ್ಯಕರ್ತರು ಇನ್ನು ಮುಂದೆ ಮರದ ಜೊತೆಗೆ ಪಾದಚಾರಿಯ ಪ್ರಶ್ನೆಯನ್ನೂ ಎತ್ತಬೇಕು: ಅಗಲವಾದ ಮೇಲೆ ಈ ರಸ್ತೆಯಲ್ಲಿ ವೇಗವೆಷ್ಟು, ದಾಟುವುದೆಲ್ಲಿ?

‘ಅಪಘಾತ ವಲಯ’ ಎಂಬ ಫಲಕ ಬೀಳುವ ಬಗೆಯನ್ನೂ ತಿಳಿದಿರಬೇಕು. ಕೇಂದ್ರ ಸಾರಿಗೆ ಇಲಾಖೆಯ ವ್ಯಾಖ್ಯೆಯಂತೆ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷಗಳೊಳಗೆ ಸಾವು ಇಲ್ಲವೆ ತೀವ್ರ ಗಾಯದ ಐದು ಅಪಘಾತಗಳು ನಡೆದಿರಬೇಕು, ಅಥವಾ ಹತ್ತು ಜನ ಸತ್ತಿರಬೇಕು. ಅಂದರೆ ನಾಲ್ಕನೆಯ ಅಪಘಾತದವರೆಗೆ ಆ ಸ್ಥಳ ಕಾಗದದಲ್ಲಿ ನಿರಪಾಯಕಾರಿ. ಊರಿನವರಿಗಾದರೋ ಮೊದಲನೆಯದಕ್ಕೂ ಮೊದಲೇ ಗೊತ್ತಿರುತ್ತದೆ.

ಗಾಯಾಳುವನ್ನು ಎತ್ತಲು ಈಗಲೂ ಜನ ಹಿಂಜರಿಯುತ್ತಾರೆ. ಪೊಲೀಸು, ಕೋರ್ಟು ಎಂದು ಅಲೆಯಬೇಕಾದೀತೆಂಬ ಭಯ. ಈ ಭಯಕ್ಕೆ ಇಂದು ಆಧಾರವಿಲ್ಲ. ನೆರವಿಗೆ ಬಂದವರು ತಮ್ಮ ಹೆಸರು ಹೇಳಲೇಬೇಕೆಂದಿಲ್ಲ, ಅವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 134ಎ ಕಲಮು ರಕ್ಷಣೆ ನೀಡಿದೆ. ಕರ್ನಾಟಕವಂತೂ ಪರೋಪಕಾರಿಗಳ ರಕ್ಷಣೆಗೆಂದೇ ಪ್ರತ್ಯೇಕ ಕಾಯ್ದೆ ಮಾಡಿದೆ. 2025ರ ಮೇ ತಿಂಗಳಿಂದ ಜಾರಿಗೆ ಬಂದ ಕೇಂದ್ರದ ಯೋಜನೆಯಲ್ಲಿ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ಮಿತಿಯ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ. ಕಿಮ್ಸ್ ಗಂಟೆಗಟ್ಟಲೆ ದೂರವಿರುವ ಮಲೆನಾಡಿನ ಹಳ್ಳಿಗಳಲ್ಲಿ ಇದು ಪ್ರತಿ ಮನೆಗೂ ತಿಳಿದಿರಬೇಕಾದ ವಿಷಯ.

ಸುಪ್ರೀಂ ಕೋರ್ಟಿನ 2017ರ ಆದೇಶದಂತೆ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ರಸ್ತೆ ಸುರಕ್ಷತಾ ಸಮಿತಿ ಇರಬೇಕು. ಈ ಸಮಿತಿಗೆ ಸಲ್ಲಿಸಲು ನಮ್ಮ ಬಳಗದ ವಿದ್ಯಾರ್ಥಿಗಳು ಈ ಬೇಸಿಗೆಯಲ್ಲಿ ಒಂದು ಕೆಲಸ ಮಾಡಲಿ. ಉಣಕಲ್, ವಿದ್ಯಾನಗರ, ಕಲಘಟಗಿ, ಯಲ್ಲಾಪುರ ಈ ನಾಲ್ಕು ಕಡೆ ಇಬ್ಬಿಬ್ಬರಂತೆ ಒಂದು ಗಡಿಯಾರ, ಒಂದು ನೋಟುಪುಸ್ತಕ ಹಿಡಿದು ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ನಿಲ್ಲಿ. ಎಷ್ಟು ಜನ ದಾಟಿದರು, ಎಷ್ಟು ಹೊತ್ತು ಕಾದರು, ವಯಸ್ಸಾದವರು ದಾಟಲು ಎಷ್ಟು ಸೆಕೆಂಡು ತೆಗೆದುಕೊಂಡರು, ಸಂಕೇತ ದೀಪವಿದ್ದರೆ ಅದು ಎಷ್ಟು ಸೆಕೆಂಡು ಉಳಿಯಿತು, ಓಡಿ ದಾಟಬೇಕಾದವರು ಎಷ್ಟು ಮಂದಿ ಎಂಬುದನ್ನು ಬರೆದಿಡಿ. ಸುರಕ್ಷಿತವಾದ ಜಾಗದಲ್ಲಿ ನಿಂತು, ಯಾರೊಡನೆಯೂ ವಾದಕ್ಕಿಳಿಯದೆ ಮಾಡಬೇಕಾದ ಕೆಲಸವಿದು. ಹಳ್ಳಿಯವರು ತಮ್ಮೂರ ಅಪಾಯದ ತಿರುವುಗಳ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಠರಾವು ಮಾಡಿಸಿ ಕಳುಹಿಸಲಿ. ಧಾರವಾಡ ಮತ್ತು ಉತ್ತರ ಕನ್ನಡದ ಜಿಲ್ಲಾಧಿಕಾರಿಗಳಿಬ್ಬರಿಗೂ ಅದನ್ನು ಮುಟ್ಟಿಸಿ, ಸ್ವೀಕೃತಿ ಪಡೆದು, ಬಂದ ಉತ್ತರವನ್ನು ಮುಂದಿನ ಸಂಚಿಕೆಯಲ್ಲಿ ಯಥಾವತ್ತಾಗಿ ಪ್ರಕಟಿಸುತ್ತೇವೆ. ಉತ್ತರ ಬಾರದಿದ್ದರೆ ಅದನ್ನೂ.