ಕಪ್ ಕೊಡೋರು ಸಾಕು, ಚೆಂಡು ಕಾಯೋರು ಬೇಕು

ಶಿವಮೊಗ್ಗದಿಂದ ಸಾಗರ ರಸ್ತೆ ಬಸ್ಸು ಹತ್ತುವವರಿಗೆ ತ್ಯಾವರೆಕೊಪ್ಪ ಅಂದರೆ ಹುಲಿ-ಸಿಂಹಧಾಮ. 1988ರಲ್ಲಿ ಶುರುವಾದ ಈ ಧಾಮಕ್ಕೆ ಭಾನುವಾರ ಬಂತೆಂದರೆ ಊರೂರಿನ ಜನ. ಅಲ್ಲಿನ ಸಿಂಹಕ್ಕೆ ಬೇಲಿಯಿದೆ, ಹೊತ್ತಿಗೆ ಮಾಂಸವಿದೆ, ಕುಂಟಿದರೆ ನೋಡೋಕೆ ಡಾಕ್ಟರ್ ಇದ್ದಾರೆ. ಬಹಳ ಸಂತೋಷ. ಆದರೆ ಶಾಲೆ ಬಿಟ್ಟ ಮೇಲೆ ಒಂದೇ ಚೆಂಡಿನ ಹಿಂದೆ ಇಪ್ಪತ್ತು ಮಕ್ಕಳು ಓಡ್ತಾವಲ್ಲ, ಅವರನ್ನು ನೋಡಿಕೊಳ್ಳೋಕೆ ಹಳ್ಳಿಗೊಬ್ಬ ಸಂಬಳದ ಮನುಷ್ಯನನ್ನು ಯಾವ ಇಲಾಖೆ ಇಟ್ಟಿದೆ ಸ್ವಾಮಿ?

ಯಾವ ಇಲಾಖೆಯೂ ಇಟ್ಟಿಲ್ಲ. ಹಳ್ಳಿಯಲ್ಲಾಗಲಿ ಬಡಾವಣೆಯಲ್ಲಾಗಲಿ, ಮಕ್ಕಳ ಫುಟ್‌ಬಾಲ್ ಉಳಿದಿದೆ ಅಂದರೆ ಅದರ ಹಿಂದೆ ಬಿಟ್ಟಿ ದುಡಿಯುವ ಒಬ್ಬ ಮನುಷ್ಯ ಇದ್ದಾನೆ ಅಂತಲೇ ಅರ್ಥ. ನಮ್ಮ ಕಡೆ ಮುಖಂಡ ಅಂದರೆ ಇಸ್ತ್ರಿ ಹಾಕಿದ ಬಿಳಿ ಅಂಗಿ, ಹಿಂದೆ ನಾಲ್ಕು ಜನ. ಇವನು ಬೇರೆ ಜಾತಿಯ ಮುಖಂಡ. ಬಾಯಲ್ಲಿ ಸೀಟಿ, ಕೈಯಲ್ಲಿ ಗಾಳಿ ಹೊಡೆಯೋ ಪಂಪು, ಜೇಬಲ್ಲಿ ಹುಡುಗರ ಹೆಸರು ಬರೆದ ಪುಸ್ತಕ.

ಇಂಥವನು ಅಂಗಡಿ ಮುಂದೆ ನಿಂತು "ಅಣ್ಣಾ, ಒಂದು ಚೆಂಡು ಬೇಕಿತ್ತು" ಅಂದರೆ ಬರೋ ಉತ್ತರ ಎಲ್ಲರಿಗೂ ಗೊತ್ತು: "ಟೂರ್ನಮೆಂಟ್ ಇದ್ದಾಗ ಬಾ ಮಾರಾಯ, ಕಪ್ಪೇ ಕೊಡ್ತೀನಿ. ಫ್ಲೆಕ್ಸಲ್ಲಿ ಹೆಸರು ಮಾತ್ರ ದೊಡ್ಡದಾಗಿ ಹಾಕ್ಸು." ಕಪ್ಪು ಒಂದು ದಿನದ್ದು. ಉಳಿದ ಮುನ್ನೂರ ಅರವತ್ನಾಲ್ಕು ದಿನ ಚೆಂಡಿಗೆ ಗಾಳಿ ಹೊಡೆಯೋರು ಯಾರು?

ಹಿಂದೆ ಈ ಭಾರವನ್ನು ಕಾರ್ಖಾನೆಗಳು ಹೊತ್ತಿದ್ದವು. ಭದ್ರಾವತಿಗೆ ಮೊದಲು ಕಬ್ಬಿಣದ ಕಾರ್ಖಾನೆ, ಆಮೇಲೆ 1936ರಲ್ಲಿ ಕಾಗದದ ಕಾರ್ಖಾನೆ ಬಂದಾಗ ಜತೆಗೇ ಕ್ವಾರ್ಟರ್ಸ್, ಆಸ್ಪತ್ರೆ, ಶಾಲೆ, ಆಟದ ಮೈದಾನವೂ ಬಂದವು. ಬೆಂಗಳೂರಿನಲ್ಲಿ ಐ.ಟಿ.ಐ., ಎಚ್.ಎ.ಎಲ್. ತಂಡ ಕಟ್ಟಿ, ಚೆನ್ನಾಗಿ ಆಡೋ ಹುಡುಗನಿಗೆ ನೌಕರಿಯನ್ನೂ ಕೊಟ್ಟವು. ಈಗೇನಾಗಿದೆ? ಭದ್ರಾವತಿಯ ಕಾಗದದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಕಬ್ಬಿಣದ ಕಾರ್ಖಾನೆ ಮುಚ್ಚುವ ಮಾತು 2023ರಲ್ಲಿ ಬಂದಾಗ ಕಾರ್ಮಿಕರು ಬೀದಿಗಿಳಿಯಬೇಕಾಯಿತು. ಅಪ್ಪನ ನೌಕರಿಯೇ ನೆಟ್ಟಗಿಲ್ಲದಿದ್ದರೆ ಮಗನ ಆಟಕ್ಕೆ ಕಾರ್ಖಾನೆ ದಾರಿ ಕಾಯೋದು ಹೇಗೆ?

ಫುಟ್‌ಬಾಲ್ ನಮ್ಮ ಆಟವಲ್ಲ ಅನ್ನೋರಿಗೂ ಒಂದು ಮಾತು. 2023ರ ಮಾರ್ಚಿನಲ್ಲಿ ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಅದಕ್ಕೂ ಹಿಂದೆ ಗೆದ್ದದ್ದು 1968-69ರಲ್ಲಿ. ಆಗ ರಾಜ್ಯದ ಹೆಸರೇ ಮೈಸೂರು. ನಡುವೆ ಐವತ್ನಾಲ್ಕು ವರ್ಷ ಹೋಯಿತು. ಅಂದು ಆಡಿದವರು ಇಂದು ಅಜ್ಜಂದಿರು. ಆಟಗಾರ ರಾತ್ರೋರಾತ್ರಿ ಹುಟ್ಟೋದಿಲ್ಲ. ಹತ್ತನೇ ವಯಸ್ಸಿನಲ್ಲಿ ಯಾರೋ ಒಬ್ಬರು ಅವನಿಗೆ ಚೆಂಡು ಕೊಟ್ಟಿರಬೇಕು.

ಇದಕ್ಕೆ ಲಕ್ಷಗಟ್ಟಲೆ ದುಡ್ಡೂ ಬೇಡ. ಬ್ಯಾಟು, ಪ್ಯಾಡು, ವಿಕೆಟ್ಟು ಯಾವುದೂ ಬೇಡ. ದೊಡ್ಡವರದು ಐದನೇ ನಂಬರ್ ಚೆಂಡು, 410ರಿಂದ 450 ಗ್ರಾಂ ತೂಕ. 12 ವರ್ಷದೊಳಗಿನವರಿಗೆ ನಾಲ್ಕನೇ ನಂಬರೇ ಸಾಕು, ಕಾಲಿಗೂ ಹಗುರ. ಹನ್ನೊಂದು ಜನ ಸೇರದಿದ್ದರೆ ಐದೈದು ಜನ ಆಡಲಿ. ದೊಡ್ಡ ಮೈದಾನ ಇಲ್ಲದಿದ್ದರೆ ಅರ್ಧ ಮೈದಾನ. ಗೋಲಿಗೆ ಎರಡು ಕಲ್ಲಿಟ್ಟರೂ ನಡೆಯುತ್ತೆ. ಹುಡುಗಿಯರು ಬಂದರೆ ಬದಿಗೆ ನಿಲ್ಲಿಸದೆ ತಂಡಕ್ಕೆ ಸೇರಿಸಬೇಕು ಅಷ್ಟೆ.

ದುಡ್ಡಿಗಿಂತ ಹೆಚ್ಚು ಬೇಕಾದ್ದು ಜವಾಬ್ದಾರಿ. ಮಳೆಗಾಲದ ಊರಿದು, ಗುಡುಗಿದ ಕೂಡಲೇ ಆಟ ನಿಲ್ಲಿಸಬೇಕು. ಯಾರು ಬಂದರು, ಯಾರು ಮನೆ ಮುಟ್ಟಿದರು ಅಂತ ಲೆಕ್ಕ ಇಡಬೇಕು. ಪಕ್ಕದ ಊರಿಗೆ ಪಂದ್ಯಕ್ಕೆ ಹೋದರೆ ಕಡೇ ಬಸ್ಸು ತಪ್ಪದಂತೆ ಕರೆತರಬೇಕು. ಇನ್ನೊಂದು ಮಾತು ಮುಚ್ಚಿಟ್ಟು ಪ್ರಯೋಜನವಿಲ್ಲ: ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡೋಕೆ 2012ರಲ್ಲಿ ಪೋಕ್ಸೋ ಕಾಯ್ದೆಯೇ ಬಂದಿದೆ. ಮೇಷ್ಟ್ರು ಎಷ್ಟೇ ಒಳ್ಳೆಯವರಿರಲಿ, ಮೈದಾನದಲ್ಲಿ ಇಬ್ಬರು ದೊಡ್ಡವರು ಇರಲೇಬೇಕು. ಅದು ಮಕ್ಕಳಿಗೂ ಕ್ಷೇಮ, ಆ ಒಳ್ಳೆಯ ಮನುಷ್ಯನ ಮರ್ಯಾದೆಗೂ ಕ್ಷೇಮ.

ಇಷ್ಟೆಲ್ಲ ಒಬ್ಬನೇ ಎಷ್ಟು ದಿನ ಮಾಡ್ತಾನೆ? ಅವನಿಗೂ ಮನೆಯಿದೆ, ಮದುವೆಯಾಗುತ್ತೆ, ಬೇರೆ ಊರಿಗೆ ನೌಕರಿ ಸಿಗುತ್ತೆ. ಅವನು ಬಸ್ಸು ಹತ್ತಿದ ದಿನವೇ ತಂಡವೂ ಮುಗಿಯಿತು. ಚೆಂಡು ಯಾರದೋ ಅಟ್ಟ ಸೇರುತ್ತೆ, ಹುಡುಗರು ಕಟ್ಟೆ ಮೇಲೆ ಕೂತು ಮೊಬೈಲು ಒತ್ತುತ್ತಾರೆ. ಆಮೇಲೆ "ಈಗಿನ ಹುಡುಗರು ಕೆಟ್ಟುಹೋದ್ರು" ಅಂತ ಬಸ್ಸಿನಲ್ಲಿ ಮಾತಾಡೋರೂ ಇದೇ ಜನ!

ಆದ್ದರಿಂದ ಅಂಗಡಿಯವರು ಈ ವರ್ಷ ಕಪ್ಪಿನ ದುಡ್ಡನ್ನು ಚೆಂಡಿಗೆ, ಪಂಪಿಗೆ, ಪಂದ್ಯದ ದಿನದ ಬಸ್ ಚಾರ್ಜಿಗೆ ಕೊಡಲಿ. ಆರು ಅಂಗಡಿಯವರು ಸೇರಿ ಆರು ಸಂಜೆ ಹಂಚಿಕೊಂಡರೆ ಒಬ್ಬೊಬ್ಬರಿಗೆ ವಾರಕ್ಕೆ ಒಂದೇ ಗಂಟೆ. ಆಟ ಬರಬೇಕಾಗಿಲ್ಲ. ಗೆರೆಯಾಚೆ ನಿಂತು ಹಾಜರಿ ಹಾಕಿ, ನೀರು ಕೊಟ್ಟು, ಹೊಡೆದಾಟ ಬಿಡಿಸಿದರೆ ಸಾಕು. ಐದೂವರೆಗೇ ಊರು ಮುಟ್ಟುವ ಬಸ್ ಪ್ರಯಾಣಿಕರೂ ಚೀಲ ಬದಿಗಿಟ್ಟು ಅರ್ಧ ಗಂಟೆ ನಿಲ್ಲಬಹುದು.

ಸಿಂಹ ನೋಡೋಕೆ ಟಿಕೆಟ್ ಕೊಟ್ಟು ಹೋಗ್ತೀರಿ. ಮಕ್ಕಳ ಆಟ ನೋಡೋಕೆ ಟಿಕೆಟ್ಟಿಲ್ಲ. ಹಾಗಂತ ಅದು ಪುಗಸಟ್ಟೆ ಉಳಿಯುತ್ತೆ ಅಂದುಕೊಳ್ಳಬೇಡಿ.