ನಮ್ಮ ಚಿತ್ರ ಯಾರ ಕೈಯಲ್ಲಿದೆ?

2022ರ ಮಾರ್ಚ್‌ನಲ್ಲಿ ಕೋಲಾರದ ಗಡಿಯಾರ ಗೋಪುರದ ಹಸಿರು ಬಣ್ಣ ವಿವಾದಕ್ಕೆ ಗುರಿಯಾಯಿತು. ಪೊಲೀಸ್ ಕಾವಲಿನಲ್ಲಿ ಗೋಪುರಕ್ಕೆ ಹೊಸ ಬಣ್ಣ ಬಳಿದು ತ್ರಿವರ್ಣ ಧ್ವಜ ಹಾರಿಸಲಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ, ದೇವರ ಕೋಲನ್ನು ಮುಟ್ಟಿದನೆಂದು ದಲಿತ ಬಾಲಕನ ಕುಟುಂಬಕ್ಕೆ 60,000 ರೂಪಾಯಿ ದಂಡ ವಿಧಿಸಿದ ಸುದ್ದಿ ಹೊರಬಂತು. ಎರಡು ಬಾರಿಯೂ ಕ್ಯಾಮೆರಾಗಳು ಧಾವಿಸಿ ಬಂದವು. ಸುದ್ದಿ ಹಳತಾದೊಡನೆ ಹೊರಟುಹೋದವು. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಒಂದೇ ರಾಶಿಯ ಸುತ್ತ ಬೆವರು ಸುರಿಸುವ ಜನರಾಗಲಿ, ಮುಳಬಾಗಿಲಿನ ಹೈದರ್ ವಲಿ ದರ್ಗಾಕ್ಕೆ ಮತಭೇದವಿಲ್ಲದೆ ಬಂದುಹೋಗುವ ಜನರಾಗಲಿ ಅವುಗಳ ಕಣ್ಣಿಗೆ ಬೀಳಲಿಲ್ಲ. ಜಗಳವಾಡದ ಕೋಲಾರಕ್ಕೆ ಚಿತ್ರವೇ ಇಲ್ಲವೆಂಬಂತಾಗಿದೆ.

ಇನ್ನೊಬ್ಬರು ತೆಗೆದ ಚಿತ್ರದೊಳಗೆ ಬದುಕುವುದೆಂದರೇನು ಎಂಬ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಂಡವರಲ್ಲಿ ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಪ್ರಮುಖರು. ಬರೋಡದಲ್ಲಿ ಶಿಲ್ಪಕಲೆ ಕಲಿತ ಅವರು 1990ರ ದಶಕದಲ್ಲಿ ಕ್ಯಾಮೆರಾದ ಕಡೆಗೆ ಹೊರಳಿದರು. ಛಾಯಾಗ್ರಾಹಕಿ ಕ್ಲೇರ್ ಆರ್ನಿಯವರ ಜೊತೆಗೂಡಿ 2000ದಿಂದ 2004ರವರೆಗೆ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಎಂಬ ಚಿತ್ರಮಾಲೆಯನ್ನು ರೂಪಿಸಿದರು. ದಕ್ಷಿಣ ಭಾರತದ ಹೆಣ್ಣನ್ನು ತೋರಿಸಿರುವ ಹಳೆಯ ಚಿತ್ರಗಳನ್ನು ಆಯ್ದು, ಅದೇ ಉಡುಪು ತೊಟ್ಟು, ಅದೇ ಭಂಗಿಯಲ್ಲಿ ಕ್ಯಾಮೆರಾದ ಮುಂದೆ ತಾವೇ ನಿಲ್ಲುವುದು ಅವರ ವಿಧಾನ. ಒಂದರಲ್ಲಿ ರವಿವರ್ಮನ ಲಕ್ಷ್ಮಿ, ಇನ್ನೊಂದರಲ್ಲಿ ಬಿಜಾಪುರದ ದರಬಾರಿನ ಚಿತ್ರಕಾರರು ಬರೆದ ಯೋಗಿನಿ, ಮತ್ತೊಂದರಲ್ಲಿ ಕಳ್ಳತನದ ಆರೋಪದ ಮೇಲೆ ಪೊಲೀಸರು ಹಿಡಿದು ಪತ್ರಿಕೆಗೆ ತೋರಿಸಿದ ಹೆಣ್ಣು.

ದೇವತೆಗೂ ಆರೋಪಿಗೂ ಒಂದೇ ಮುಖ! ನೋಡುಗನು ಇಲ್ಲಿ ತಡವರಿಸುತ್ತಾನೆ. ಹಾಗಾದರೆ ಪೂಜ್ಯಳೆಂದೂ ಅಪರಾಧಿಯೆಂದೂ ನಾವು ತೀರ್ಮಾನಿಸಿದ್ದು ಮುಖವನ್ನು ನೋಡಿಯೋ, ಅದಕ್ಕೆ ಹಾಕಿದ ಚೌಕಟ್ಟನ್ನು ನೋಡಿಯೋ?

ಚೌಕಟ್ಟು ಹಾಕುವ ಕೆಲಸ ಇಂದು ನಿನ್ನೆಯದಲ್ಲ. 1868ರಿಂದ 1875ರವರೆಗೆ ಬ್ರಿಟಿಷ್ ಆಡಳಿತವು ಈ ದೇಶದ ಜಾತಿ, ಬುಡಕಟ್ಟು, ಪಂಗಡಗಳ ಛಾಯಾಚಿತ್ರಗಳನ್ನು ಎಂಟು ಸಂಪುಟಗಳಲ್ಲಿ ಪ್ರಕಟಿಸಿತು. ಚಿತ್ರದ ಜೊತೆಗೆ ಆ ಜನರ ಗುಣನಡತೆಯ ಬಗ್ಗೆ ತೀರ್ಪೂ ಅಚ್ಚಾಯಿತು. ಮುಂದೆ ಮನುಷ್ಯರನ್ನು ಚೌಕಳಿ ಪರದೆಯ ಮುಂದೆ ನಿಲ್ಲಿಸಿ ಅಳತೆ ತೆಗೆಯುವ ಪದ್ಧತಿಯೂ ಬಂತು. ಆ ಪರದೆಯ ಮುಂದೆಯೂ ಪುಷ್ಪಮಾಲಾ ನೀಲಗಿರಿಯ ತೋಡ ಹೆಣ್ಣಾಗಿ ನಿಂತಿದ್ದಾರೆ.

ಆ ಪರದೆ ಇಂದಿಗೂ ಹರಿದಿಲ್ಲ. ಮುಖಕ್ಕೆ ಕಪ್ಪು ಬಟ್ಟೆ ಮುಚ್ಚಿದ ಯುವಕ, ಕಾಲೇಜಿನ ಗೇಟಿನ ಹೊರಗೆ ನಿಂತ ಬುರ್ಖಾಧಾರಿ ವಿದ್ಯಾರ್ಥಿನಿ, ನಮಾಝಿನ ಸಾಲುಗಳು: ಮುಸ್ಲಿಮರೆಂದರೆ ಮಾಧ್ಯಮದ ಬಳಿ ಇರುವುದು ಇಷ್ಟೇ ಚಿತ್ರ. ಬಂಧಿತನು ಮುಂದೆ ನಿರ್ದೋಷಿಯೆಂದು ಬಿಡುಗಡೆಯಾದಾಗ ಆ ಕಪ್ಪು ಬಟ್ಟೆಯನ್ನು ಸರಿಸಿ ಅವನ ಮುಖವನ್ನು ಅದೇ ಗಾತ್ರದಲ್ಲಿ ಅಚ್ಚು ಹಾಕಿದ ಪತ್ರಿಕೆಗಳೆಷ್ಟು?

ಆದರೆ ದೂರು ಹೇಳುವುದರಲ್ಲಿಯೇ ನಮ್ಮ ಕರ್ತವ್ಯ ಮುಗಿಯುವುದಿಲ್ಲ. ಪುಷ್ಪಮಾಲಾರ ಕೃತಿಯ ಬಗ್ಗೆಯೂ ಒಂದು ಪ್ರಶ್ನೆ ಉಳಿಯುತ್ತದೆ. ತೋಡ ಹೆಣ್ಣಿನ ವೇಷ ಧರಿಸಿದವರು ನಗರದ ವಿದ್ಯಾವಂತ ಕಲಾವಿದೆ. ಕ್ಯಾಮೆರಾ ಇನ್ನೂ ತೋಡ ಹೆಣ್ಣಿನ ಕೈಗೆ ಬಂದಿಲ್ಲ. ಚೌಕಟ್ಟು ಸುಳ್ಳೆಂದು ಸಹೃದಯರು ತೋರಿಸಿಕೊಡಬಲ್ಲರು. ಅದರೊಳಗಿನ ಬದುಕನ್ನು ಹೇಳಬೇಕಾದವರು ಬದುಕುತ್ತಿರುವವರೇ. ನಮ್ಮ ಪರವಾಗಿ ಅದನ್ನು ಬೇರೆಯವರು ಮಾಡಿಕೊಡಲೆಂದು ಕಾಯುವುದು ಸೋಮಾರಿತನವಾದೀತು.

ನಾವು ಮಾಡಿದ್ದೇನು? ಚಿತ್ರರಚನೆಯ ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ; ಅವುಗಳನ್ನು ಗೌರವಿಸೋಣ, ಚರ್ಚೆ ನಡೆಯಲಿ. ಆದರೆ ಮದುವೆಯ ವೀಡಿಯೊಗೂ ಪಾಸ್‌ಪೋರ್ಟಿಗೂ ಮುಖ ಒಡ್ಡುವ ನಾವು, ಮಗಳು ಕ್ಯಾಮೆರಾ ಕೈಗೆತ್ತಿಕೊಂಡೊಡನೆ ಧರ್ಮದ ನೆನಪು ಮಾಡಿಕೊಳ್ಳುತ್ತೇವೆ. ಕ್ಯಾಮೆರಾದ ಮುಂದೆ ನಿಲ್ಲುವುದು ಸರಿ, ಹಿಂದೆ ನಿಲ್ಲುವುದು ಮಾತ್ರ ತಪ್ಪು ಎಂಬುದು ಯಾವ ನ್ಯಾಯ? ಪುಷ್ಪಮಾಲಾ ಆರಿಸಿಕೊಂಡ ಆ ಯೋಗಿನಿಯು ಆದಿಲ್‌ಶಾಹಿ ಬಿಜಾಪುರದ ಕೊಡುಗೆ. ಶಹಾಜಿಯ ಜಹಗೀರಿನ ಕಾಲದಲ್ಲಿ ಕೋಲಾರವೂ ಆ ಆಳ್ವಿಕೆಗೆ ಸೇರಿತ್ತು. ಆ ಚಿತ್ರ ಇಂದು ಡಬ್ಲಿನ್ನಿನ ಗ್ರಂಥಾಲಯದಲ್ಲಿದೆ. ಅದು ನಮ್ಮ ನೆನಪಿನಲ್ಲೂ ಇಲ್ಲದಿರುವುದು ವಿಪರ್ಯಾಸ.

ಈ ನಾಲ್ಕು ತಾಲ್ಲೂಕುಗಳಲ್ಲಿ ಶಾಲೆ, ಮದ್ರಸಾ ನಡೆಸುವವರು ರಜಾದಿನಗಳಲ್ಲಿ ಹತ್ತು ಮಕ್ಕಳನ್ನಾದರೂ ಸೇರಿಸಲಿ. ಮಾಲೂರಿನ ಇಟ್ಟಿಗೆ ಗೂಡಿನ ಕೂಲಿಯನ್ನು, ಮಾವಿನ ಮಂಡಿಯ ಹಮಾಲನನ್ನು, ಬೀಡಿ ಕಟ್ಟಿಯೋ ಬಟ್ಟೆ ಹೊಲಿದೋ ಸಂಸಾರ ತೂಗಿಸುವ ತಾಯಿಯನ್ನು ಅವರ ಒಪ್ಪಿಗೆ ಪಡೆದು ಚಿತ್ರಿಸಲು ಕಲಿಸಲಿ. ಜೊತೆಯಲ್ಲಿ ದಲಿತ ಮಕ್ಕಳೂ ಇರಲಿ. ಚೌಕಟ್ಟಿನ ನೋವು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಪ್ರತಿಭೆ ಕಂಡ ಮಗುವಿಗೆ ಬೆಂಗಳೂರಿನ ಚಿತ್ರಕಲಾ ಪರಿಷತ್ತು ದೂರವೇನಲ್ಲ. ವೈದ್ಯನಿಗೂ ಇಂಜಿನಿಯರನಿಗೂ ವಿದ್ಯಾರ್ಥಿವೇತನ ಕೊಡುವ ಸಮುದಾಯದ ಉಳ್ಳವರು ಒಬ್ಬ ಚಿತ್ರಕಾರ್ತಿಯ ಶುಲ್ಕವನ್ನೂ ಭರಿಸಲಿ.

ಮುಂದಿನ ಬಾರಿ ಕೋಲಾರಕ್ಕೆ ಕ್ಯಾಮೆರಾಗಳು ಧಾವಿಸಿ ಬಂದಾಗ, ಊರಿನವರದೂ ಒಂದು ಕ್ಯಾಮೆರಾ ಅಲ್ಲಿ ಮೊದಲೇ ಇರಬೇಕು. ಉಳಿದವು ಹೊರಟುಹೋದ ಮೇಲೂ ಅದು ಅಲ್ಲಿಯೇ ಇರಬೇಕು.