ಸಂಘದ ಜಾಲತಾಣ: ಕೀಲಿಕೈ ಯಾರ ವಶದಲ್ಲಿರಬೇಕು?

ಹೊರನಾಡಿನ ಕನ್ನಡ ಸಂಘವೊಂದು ತನ್ನದೇ ಜಾಲತಾಣವನ್ನು ಕಟ್ಟುವುದು ಇಂದು ಕಷ್ಟಸಾಧ್ಯವಾದ ಕಾರ್ಯವಲ್ಲ. 2003ರಲ್ಲಿ ಹೊರಬಂದ ವರ್ಡ್‌ಪ್ರೆಸ್ ಎಂಬ ವಿಷಯ ನಿರ್ವಹಣಾ ತಂತ್ರಾಂಶವು ಉಚಿತವಾಗಿ ದೊರೆಯುತ್ತದೆ. ಗಣಕದ ಸಂಕೇತಭಾಷೆಯನ್ನು ಅರಿಯದವರೂ ಅದರ ನೆರವಿನಿಂದ ಲೇಖನ, ಛಾಯಾಚಿತ್ರಗಳನ್ನು ತಾಣಕ್ಕೆ ಸೇರಿಸಬಹುದು. ಆದರೆ ಕಟ್ಟುವುದು ಒಂದು, ನಿರ್ವಹಿಸುವುದು ಮತ್ತೊಂದು.

ಉತ್ಸಾಹಿ ತರುಣನೊಬ್ಬನ ಹೆಸರಿನಲ್ಲಿ ತಾಣದ ವಿಳಾಸವು ನೋಂದಣಿಯಾಗಿ, ಗುಪ್ತಪದವೂ ಅವನೊಬ್ಬನಲ್ಲಿಯೇ ಉಳಿದರೆ, ಅವನು ಊರು ಬಿಟ್ಟಾಗ ಸಂಘದ ಗತಿಯೇನು? ನವೀಕರಣದ ಶುಲ್ಕ ಸಲ್ಲದಿದ್ದರೆ ವಿಳಾಸವು ಪರರ ಪಾಲಾಗಬಹುದು. ಹಲವು ವರ್ಷಗಳ ಸ್ಮರಣ ಸಂಚಿಕೆಗಳು ಕಣ್ಮರೆಯಾಗಬಹುದು.

ಬ್ಯಾಂಕಿನ ತಿಜೋರಿಯ ಕೀಲಿಕೈಗಳು ಇಬ್ಬರ ವಶದಲ್ಲಿರುತ್ತವೆ. ವೋಚರು ಬರೆದವರೇ ಅದನ್ನು ಮಂಜೂರು ಮಾಡುವಂತಿಲ್ಲ. ಇದು ಅಪನಂಬಿಕೆಯಲ್ಲ, ವ್ಯವಸ್ಥೆ. ವರ್ಡ್‌ಪ್ರೆಸ್‌ನಲ್ಲಿಯೂ ಇಂತಹ ಏರ್ಪಾಡು ಉಂಟು. ಅಲ್ಲಿ 'ಕಾಂಟ್ರಿಬ್ಯೂಟರ್' ಆದವರು ಲೇಖನವನ್ನು ಬರೆಯಬಹುದು, ಪ್ರಕಟಿಸಲಾರರು. 'ಎಡಿಟರ್' ಅದನ್ನು ಪರಿಶೀಲಿಸಿ ಪ್ರಕಟಿಸುವರು. ತಾಣದ ಪೂರ್ಣಾಧಿಕಾರವು 'ಅಡ್ಮಿನಿಸ್ಟ್ರೇಟರ್'ಗೆ ಮಾತ್ರ. ಆರೋಗ್ಯ ಲೇಖನಗಳನ್ನು ವೈದ್ಯ ಸದಸ್ಯರೊಬ್ಬರು ಓದಿ ಒಪ್ಪಿದ ಮೇಲೆಯೇ ಪ್ರಕಟಿಸಲು ಈ ಕ್ರಮವು ಅತ್ಯಂತ ಉಪಯುಕ್ತವಾದುದು.

ಆದುದರಿಂದ ನನ್ನ ಅಭಿಪ್ರಾಯವಿಷ್ಟೆ. ವಿಳಾಸವು ಸಂಘದ ಹೆಸರಿನಲ್ಲಿಯೇ ನೋಂದಣಿಯಾಗಲಿ. ಪೂರ್ಣಾಧಿಕಾರವು ಇಬ್ಬರು ಪದಾಧಿಕಾರಿಗಳಲ್ಲಿರಲಿ. ಇಬ್ಬರ ಗುಪ್ತಪದಗಳೂ ಬೇರೆಬೇರೆಯಾಗಿರಲಿ. ಶುಲ್ಕವನ್ನು ವಾರ್ಷಿಕ ಆಯವ್ಯಯದಲ್ಲಿ ಸೇರಿಸತಕ್ಕದ್ದು. ತಂತ್ರಾಂಶ ಹಾಗೂ ಪ್ಲಗಿನ್‌ಗಳನ್ನು ಕಾಲಕಾಲಕ್ಕೆ ಪರಿಷ್ಕರಿಸಿ, ತಾಣದ ಪ್ರತಿಯೊಂದನ್ನು ಬೇರೆಡೆ ಕಾದಿರಿಸತಕ್ಕದ್ದು. ಸಮಿತಿಯು ಬದಲಾದಾಗ ಲೆಕ್ಕದ ಪುಸ್ತಕಗಳೊಡನೆ ಇವೆಲ್ಲವನ್ನೂ ಹಸ್ತಾಂತರಿಸಿ ರುಜು ಪಡೆಯುವುದು ಲೇಸು.

ಸಂಘದ ನೆನಪು ಸಂಘದ ಸ್ವತ್ತು. ಅದು ಒಬ್ಬರ ಸೌಜನ್ಯದ ಮೇಲೆ ನಿಲ್ಲಬಾರದು.